ಹೂಳು ಹಿಡಿದುಕೊಂಡದ್ದು

ಫೆಬ್ರವರಿ 4

ತಮ್ಮನಿಗೆ,

ಈ ಕಾಗದದ ಜೊತೆ ಒಂದು ಪಾರ್ಸೆಲ್ಲೂ ಬಂದಿರಬೇಕು. ಒಳಗೆ ನಾಲ್ಕು ಗಾಜಿನ ಜಾಡಿಗಳಿವೆ: ಲಾಂಡ್ರಿಯ ಹಿಂದಿನ ಹೊಂಡದ ನೀರು, ಹೊಂಡದ ತಳದ ಹೂಳು, ಅತ್ತಿಗೆಯ ಬಾವಿಯ ನೀರು, ನಮ್ಮ ಮನೆಯ ಮುಂದಿನ ಮಣ್ಣು. ಕೊನೆಯದು ಏಕೆಂದರೆ, ಕೆಟ್ಟದ್ದನ್ನು ಅಳೆಯುವಾಗ ಪಕ್ಕದಲ್ಲಿ ಒಳ್ಳೆಯದೊಂದನ್ನೂ ಅಳೆದಿಟ್ಟುಕೊಳ್ಳಬೇಕು ಎಂದು ನೀನೇ ಯಾವಾಗಲೋ ಹೇಳಿದ್ದೆ.

ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಬಿಟ್ಟು ಬೇರೆ ಹೇಳುವವನಲ್ಲ. ಕಾಗದದಲ್ಲಾದರೂ ಹಿಡಿದ ವಾಕ್ಯವನ್ನು ಮುಗಿಸುತ್ತೀಯ.

ವಿಷಯ ಇಷ್ಟು. ಹೊಂಡ ತುಂಬಿದೆ. ಹನ್ನೆರಡು ವರ್ಷದಿಂದ ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲಿನ ಟವಲು ತೊಳೆದ ನೀರೆಲ್ಲ ಅಲ್ಲಿ ನಿಂತು, ತಿಳಿಯಾಗಿ, ಆಚೆಯ ಕಾಲುವೆಗೆ ಹೋಗುತ್ತಿತ್ತು. ಈಗ ನೀರಿಗಿಂತ ಹೂಳೇ ಹೆಚ್ಚು. ತೆಗೆಸಲೇಬೇಕು. ಅತ್ತಿಗೆ ಅದನ್ನು ತಮ್ಮ ಸಸಿಮಡಿಗಳಿಗೆ ಕೇಳುತ್ತಿದ್ದಾರೆ. ಅಣ್ಣ ಹೋದ ಮೇಲೆ ಅವರ ಬದುಕು ನಿಂತಿರುವುದೇ ಆ ಸಸಿಗಳ ಮೇಲೆ ಎಂದು ನಿನಗೆ ಹೇಳಬೇಕಾಗಿಲ್ಲ. ಹೂಳನ್ನು ಅಂಗೈಯಲ್ಲಿ ಹಿಸುಕಿ ನೋಡಿ, "ಬೆಣ್ಣೆ ಇದ್ದ ಹಾಗಿದೆಯಲ್ಲೇ" ಎಂದರು. ನಲವತ್ತು ಗಾಡಿ ಬೇಕಂತೆ. ನಿನ್ನ ಲ್ಯಾಬಿನಿಂದ ಒಂದು ಮಾತು ಬರಲಿ ಎಂದು ತಡೆಹಿಡಿದಿದ್ದೇನೆ.

ನೀರಿನ ಆಫೀಸಿನವನು ವರ್ಷಕ್ಕೆರಡು ಸಲ ಬಂದು ಬಾಟಲಿ ತುಂಬಿಕೊಂಡು ಹೋಗುತ್ತಾನೆ. ಪ್ರತಿ ಸಲವೂ ಬರುವ ಉತ್ತರ ಒಂದೇ, ಶುದ್ಧ. ನನ್ನ ತಲೆಗೆ ಹುಳ ಬಿಟ್ಟಿರುವುದೇ ಅದು. ನನ್ನ ನೋಟುಬುಕ್ಕಿನ ಪ್ರಕಾರ ವರ್ಷಕ್ಕೆ ಆರುನೂರು ಕಿಲೋ ಸಾಫ್ಟ್ನರ್ ಬಟ್ಟೆ ಒಗೆಯುವ ಡ್ರಮ್ಮಿಗೆ ಹೋಗುತ್ತದೆ, ಬಟ್ಟೆ ಮೆತ್ತಗಾಗಲಿ ಎಂದು ಕೊನೆಯ ನೀರಿಗೆ ಹಾಕುವುದು. ಒಂದು ಪಾಲು ಬಟ್ಟೆಗೆ ಅಂಟಿ ಗಿರಾಕಿಯ ಜೊತೆ ಹೋಯಿತು ಅನ್ನು. ಮಿಕ್ಕದ್ದು? ಒಳಗೆ ಬಂದ ಸಾಮಾನು ಹೊರಗೆ ಹೋಗಿಲ್ಲ, ಮನೆಯಲ್ಲೂ ಕಾಣುವುದಿಲ್ಲ. ಇಂಥ ಲೆಕ್ಕವನ್ನು ನನ್ನ ಕೆಲಸದವರು ಯಾರಾದರೂ ತಂದಿದ್ದರೆ ಅವತ್ತೇ ಬೆವರಿಳಿಸುತ್ತಿದ್ದೆ. ತಂದಿರುವವಳು ನಾನೇ. ಆದ್ದರಿಂದ ನಿನಗೆ ಕಳಿಸಿದ್ದೇನೆ.

ಅಕ್ಕ


ಫೆಬ್ರವರಿ 17

ಅಕ್ಕನಿಗೆ,

ಜಾಡಿಗಳು ಒಡೆಯದೆ ತಲುಪಿದವು. ಮುಚ್ಚಳ ತೆಗೆದಾಗ ನಿನ್ನ ಲಾಂಡ್ರಿಯೊಳಗೆ ಕಾಲಿಟ್ಟ ಹಾಗಾಯಿತು. ಯಾರ ಮನೆಯ ಹೂಳು ಇಷ್ಟು ಘಮಘಮ ಎನ್ನುತ್ತದೆ ಎಂದು ನಮ್ಮ ಲ್ಯಾಬಿನ ಮೇಡಂ ಕೂಡ ನಕ್ಕರು.

ನಿನ್ನ ಲೆಕ್ಕದ ಬಗ್ಗೆ ಈಗಲೇ ಸ್ವಲ್ಪ ಹೇಳಬಹುದು. ಸಾಫ್ಟ್ನರಿನ ಅಣುವಿಗೆ ಒಂದು ತಲೆ, ಉದ್ದನೆಯ ಬಾಲ ಇವೆ ಅಂದುಕೋ. ತಲೆಯಲ್ಲಿ ಧನ ವಿದ್ಯುತ್ತು. ನೀರಿನಲ್ಲಿ ನೆನೆದ ಹತ್ತಿಯ ಎಳೆಯ ಮೇಲೆ ಋಣ. ಅದಕ್ಕೇ ಅದು ಬಟ್ಟೆಗೆ ಅಂಟುವುದು. ಜೇಡಿಮಣ್ಣಿನ ಕಣಗಳ ಮೇಲೂ ಋಣವೇ, ಅದೂ ಬಟ್ಟೆಗಿಂತ ಹೆಚ್ಚು. ಬಾಲಕ್ಕೆ ನೀರೆಂದರೆ ಆಗುವುದಿಲ್ಲ, ಅದು ಕೊಳೆತ ಎಲೆ, ನಾರಿನ ಚೂರುಗಳ ಸಂದಿಗೆ ತೂರಿಕೊಳ್ಳುತ್ತದೆ. ಹಾಗಾಗಿ ಹೊಂಡಕ್ಕೆ ಬಂದ ಸಾಫ್ಟ್ನರ್ ನೀರಿನಲ್ಲಿ ನಿಲ್ಲದೆ ಹೂಳನ್ನು ಸೇರುತ್ತದೆ. ಆಫೀಸಿನವನ ವರದಿ ಸುಳ್ಳಲ್ಲ. ಅವನು ನೋಡಿದ್ದು ನೀರನ್ನು ಮಾತ್ರ.

ಪರೀಕ್ಷೆ ಮುಗಿಯಲು ಮೂರು ವಾರ ಬೇಕು. ಅಲ್ಲಿಯವರೆಗೆ ಹೂಳು ಕೊಡಬೇಡ. ಒಂದು ಪ್ರಶ್ನೆ: ಈಗಲೂ ಅದೇ ಹಳೆಯ ಬಗೆಯ ಸಾಫ್ಟ್ನರನ್ನೇ ಹಾಕುತ್ತೀಯಾ?

ತಮ್ಮ


ಫೆಬ್ರವರಿ 26

ತಮ್ಮನಿಗೆ,

ತಲೆ ಒಂದು ಕಡೆ ಎಳೆದು ಬಾಲ ಇನ್ನೊಂದು ಕಡೆ ಎಳೆಯುವವರನ್ನು ನಮ್ಮ ಸೋದರಮಾವನ ಮನೆಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದ್ದರಿಂದ ನೀನು ಬರೆದದ್ದು ಪೂರ್ತಿ ಅರ್ಥವಾಯಿತು. ಎರಡು ಸಲ ಓದಿ ಡ್ರಮ್ಮು ನೋಡಿಕೊಳ್ಳುವ ಮಾಮನಿಗೂ ವಿವರಿಸಿದೆ. ಹೂಳು ಸಾಫ್ಟ್ನರನ್ನು ತಿಂದು ಮುಗಿಸುತ್ತದೆ. ಏಳು ಸಾವಿರ ಚಿಲ್ಲರೆ ಕಿಲೋದಲ್ಲಿ ಬಟ್ಟೆಗೆ ಅಂಟಿದ್ದು ಬಿಟ್ಟು ಮಿಕ್ಕದ್ದೆಲ್ಲ ತಿಂದಿದೆ, ಪಾಪ, ಒಂದು ದಿನವೂ ಬೇಡ ಅಂದಿಲ್ಲ. ಲೆಕ್ಕ ತಾಳೆಯಾಯಿತು. ಇಂಥ ಮಣ್ಣು ಸಸಿಗೆ ಇನ್ನೂ ಒಳ್ಳೆಯದೇ ಇರಬೇಕು, ಅಲ್ಲವೇ? ಮೂರು ವಾರ ಕಾಯುವುದು ನಿನ್ನ ಶಾಸ್ತ್ರಕ್ಕೆ.

ಹೌದು, ಅದೇ ಹಳೆಯ ಸಾಫ್ಟ್ನರ್. ಬದಲಿಸಲು ಕಾರಣವೇನೂ ಕಾಣಲಿಲ್ಲ. ಅದನ್ನು ಯಾಕೆ ಕೇಳಿದೆ?

ಅತ್ತಿಗೆಯ ಸಸಿಗಳು ಈ ಸಲ ಮೊಣಕಾಲಿನವರೆಗೆ ಬಂದಿವೆ. ಎಲೆಗಳನ್ನು ನೋಡಿದರೆ ಎಣ್ಣೆ ಹಚ್ಚಿದ ಹಾಗಿವೆ. ಬೇಗ ಬರೆ.

ಅಕ್ಕ


ಮಾರ್ಚ್ 12

ಅಕ್ಕನಿಗೆ,

ಇದನ್ನು ಕೂತು ಓದು.

ನಾಲ್ಕೂ ಜಾಡಿಗಳಲ್ಲಿ ಸಾಫ್ಟ್ನರ್ ಸಿಕ್ಕಿದೆ. ಹೂಳಿನಲ್ಲಿ ಸಿಗುತ್ತದೆ ಎಂದು ಗೊತ್ತಿತ್ತು. ಹೊಂಡದ ನೀರಿನಲ್ಲಿ ಇರಬಾರದಿತ್ತು, ಇದೆ. ಅತ್ತಿಗೆಯ ಬಾವಿಯ ನೀರಿನಲ್ಲೂ ಇದೆ. ನಮ್ಮ ಮನೆಯ ಮುಂದಿನ ಮಣ್ಣಿನಲ್ಲೂ ಇದೆ. ಎರಡು ಸಲ ಮಾಡಿ ನೋಡಿದೆ, ಅದೇ ಬಂತು.

ಹೂಳು ತಿಂದು ಮುಗಿಸುತ್ತದೆ ಎಂದು ಬರೆದಿದ್ದೀಯ. ಹಿಡಿದುಕೊಳ್ಳುತ್ತದೆ ಎಂದೆ, ಮುಗಿಸುತ್ತದೆ ಎನ್ನಲಿಲ್ಲ. ಗಾಳಿ ಆಡದ ಕಡೆ ಈ ಹಳೆಯ ಬಗೆಯದು ವರ್ಷಗಟ್ಟಲೆ ಕೊಳೆಯದೆ ಕೂತಿರಬಲ್ಲದು. ಆದರೆ ಅದು ಬಾವಿಗೆ ಹೇಗೆ ಹೋಯಿತು ಎಂಬುದು ನನಗೆ ಹೊಳೆಯುತ್ತಿಲ್ಲ. ಮಣ್ಣಿಗೆ ಅಷ್ಟು ಗಟ್ಟಿಯಾಗಿ ಅಂಟುವ ವಸ್ತು ಅಷ್ಟು ಮಣ್ಣನ್ನು ದಾಟಿ ನೀರಿನ ಜೊತೆ ಹೋಗಬಾರದು. ನಾನು ಓದಿದ್ದೆಲ್ಲ ತಲೆಕೆಳಗಾಗಿದೆ.

ಸದ್ಯಕ್ಕೆ ಬಾವಿಯ ನೀರು ಕುಡಿಯಬೇಡಿ ಎಂದು ಅತ್ತಿಗೆಗೆ ಹೇಳು. ಗಾಬರಿಪಡಿಸಬೇಡ.

ತಮ್ಮ


ಮಾರ್ಚ್ 20

ತಮ್ಮನಿಗೆ,

ಗಾಬರಿಪಡಿಸದೆ ನಿಮ್ಮ ಬಾವಿಯಲ್ಲಿ ಕೆಮಿಕಲ್ ಇದೆ ಎಂದು ಹೇಳುವ ಉಪಾಯವನ್ನೂ ಅದೇ ಕಾಗದದಲ್ಲಿ ಬರೆದಿದ್ದರೆ ಚೆನ್ನಾಗಿತ್ತು. ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದೆ. ಅತ್ತಿಗೆ ಸೇದಿಟ್ಟ ಕೊಡವನ್ನು ಎತ್ತಿ ಚರಂಡಿಗೆ ಸುರಿದು ಒಳಗೆ ಹೋದರು. ನನ್ನ ಜೊತೆಗಿದ್ದ ಇಸ್ತ್ರಿಯವಳು ಕೇಳಿಸಿಕೊಂಡಳು. ಅವಳಿಗೆ ಕೇಳಿಸಿದ್ದು ಬೀದಿಗೆ ಕೇಳಿಸಿದ ಹಾಗೆ. ನಾಲ್ಕು ದಿನದಿಂದ ನರ್ಸರಿಯ ಗೇಟು ದಾಟಿ ಒಂದು ನರಪಿಳ್ಳೆಯೂ ಬಂದಿಲ್ಲ. ಅತ್ತಿಗೆ ಬಸ್ ನಿಲ್ದಾಣದ ನಲ್ಲಿಯಿಂದ ಎರಡೂ ಕೈಯಲ್ಲಿ ಕ್ಯಾನು ಹಿಡಿದು ನೀರು ತರುತ್ತಾರೆ. ನಮ್ಮ ಗಾಡಿ ಕಳಿಸಿದರೆ ಬೇಡ ಅಂದರು.

ಇನ್ನೊಂದು ಮಾತು ನಿನಗೆ ಹೇಳಬೇಕು. ತಡೆಹಿಡಿದಿದ್ದೇನೆ ಎಂದು ಬರೆದಿದ್ದೆನಲ್ಲ, ಅದು ಮೂವತ್ತು ಗಾಡಿಯ ಮಟ್ಟಿಗೆ ನಿಜ. ಹತ್ತು ಗಾಡಿ ಜನವರಿಯಲ್ಲೇ ಕೊಟ್ಟಿದ್ದೆ. ಅತ್ತಿಗೆ ಕೇಳಿದರು, ನನಗೆ ಹೊಂಡ ಖಾಲಿಯಾಗಬೇಕಿತ್ತು. ಇಬ್ಬರಿಗೂ ಅನುಕೂಲ ಎನ್ನಿಸಿದ್ದನ್ನು ಪರೀಕ್ಷೆ ಮಾಡುವ ಅಭ್ಯಾಸ ನನಗಿಲ್ಲ. ಆ ಸಸಿಗಳು ನಿಂತಿರುವುದು ಅದೇ ಹೂಳಿನಲ್ಲಿ. ನಿನ್ನ ಹತ್ತಿರ ಚೆನ್ನಾಗಿದೆ ಅನ್ನಿಸಿಕೊಂಡು ಆಮೇಲೆ ಹೇಳೋಣ ಎಂದಿದ್ದೆ. ಬೈಯುವುದಿದ್ದರೆ ಬೈದುಬಿಡು.

ಆದರೆ ಲೆಕ್ಕ ಕೂಡುತ್ತಿಲ್ಲ. ಅತ್ತಿಗೆಯ ಬಾವಿ ದಿಬ್ಬದ ಮೇಲಿದೆ, ನಮ್ಮ ಹೊಂಡ ಕೆಳಗೆ. ನೀರು ಯಾವತ್ತಿನಿಂದ ಹತ್ತಲು ಕಲಿಯಿತು? ಮನೆಯ ಮುಂದಿನ ಮಣ್ಣಿಗೆ ಲಾಂಡ್ರಿಯ ನೀರು ಒಂದು ಲೋಟವೂ ಬಿದ್ದಿಲ್ಲ. ನನ್ನ ಕೈ ಕೊಳಕಿತ್ತು ಎಂದು ನಿಮ್ಮ ಮೇಡಂ ಅಂದುಕೊಳ್ಳದಿರಲಿ. ಜಾಡಿಗಳನ್ನು ಯಾರ ಕೈಗೂ ಕೊಡದೆ ನಾನೇ ಎರಡು ಸಲ ಸೋಪು ಹಾಕಿ ತೊಳೆದು, ಆಸ್ಪತ್ರೆಯ ಬಟ್ಟೆಗೆ ಮಾಡುವ ಹಾಗೆ ಕೊನೆಯಲ್ಲಿ ಸಾಫ್ಟ್ನರ್ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ತುಂಬಿಸಿದ್ದು. ದೊಡ್ಡ ಲ್ಯಾಬಿಗೆ ಹೋಗುವ ಜಾಡಿ, ಅಷ್ಟೂ ಮಾಡದಿದ್ದರೆ ಹೇಗೆ?

ಅಕ್ಕ


ಮಾರ್ಚ್ 27

ಅಕ್ಕನಿಗೆ,

ಜಾಡಿಗಳು.

ನಿನ್ನ ಕಾಗದ ಓದಿ ಎದ್ದು ಹೋಗಿ ಖಾಲಿ ಜಾಡಿಯನ್ನು ಮೂಸಿ ನೋಡಿದೆ. ಗಾಜಿನ ಮೈ ಮೇಲೂ ಋಣವೇ, ಮಣ್ಣಿನ ಹಾಗೆ. ನೀನು ಅದ್ದಿದ ಸಾಫ್ಟ್ನರ್ ಗಾಜಿಗೆ ಅಂಟಿಕೊಂಡೇ ಇಲ್ಲಿಗೆ ಬಂದಿದೆ. ನೀರಿನಲ್ಲಿ ಇದ್ದದ್ದು ದಾರಿಯಲ್ಲಿ ಗಾಜಿಗೆ ಅಂಟಿ ಲೆಕ್ಕ ತಪ್ಪದಿರಲಿ ಎಂದು ನಾವು ಜಾಡಿಯ ಒಳಮೈಯನ್ನು ಆಲ್ಕೋಹಾಲಿನಲ್ಲಿ ತೊಳೆದು ಅದನ್ನೂ ಅಳತೆಗೆ ಸೇರಿಸುತ್ತೇವೆ. ಬಾವಿಯ ಹೆಸರಿನಲ್ಲಿ ನಾನು ಅಳೆದದ್ದು ನಿನ್ನ ಜಾಡಿಯನ್ನು. ಮುಚ್ಚಳ ತೆಗೆದ ದಿನ ಘಮ ಎಂದು ನಕ್ಕಿದ್ದೆವಲ್ಲ, ಅವತ್ತೇ ಗೊತ್ತಾಗಬೇಕಿತ್ತು. ನೀನು ಲಾಂಡ್ರಿಯವಳು, ತೊಳೆದೆ. ನಾನು ಇದೇ ಕೆಲಸ ಕಲಿತವನು, ಕೇಳಲಿಲ್ಲ.

ಇಲ್ಲಿಂದ ಐದು ಜಾಡಿ ಕಳಿಸುತ್ತಿದ್ದೇನೆ. ತೊಳೆಯಬೇಡ, ಒರೆಸಬೇಡ, ಮೂಸಬೇಡ. ಐದನೆಯದು ಅತ್ತಿಗೆಯ ಮಡಿಯ ಮಣ್ಣಿಗೆ. ಬಾವಿಯಲ್ಲಿ ಏನೂ ಇರಲಾರದು ಎನ್ನಿಸುತ್ತದೆ. ಆದರೆ ಎನ್ನಿಸುವುದನ್ನು ಒಮ್ಮೆ ಹೇಳಿ ಆಗಿದೆ, ಫಲಿತಾಂಶ ಬರುವವರೆಗೆ ಅತ್ತಿಗೆಗೆ ಏನೂ ಹೇಳಬೇಡ.

ಹತ್ತು ಗಾಡಿಯ ವಿಷಯಕ್ಕೆ ಬೈಯುವುದಿಲ್ಲ. ಬೈಯುವ ಸ್ಥಿತಿಯಲ್ಲಿ ನಾನಿಲ್ಲ. ಯಾಕೆ ಎಂದು ಮುಂದೆ ಬರೆಯುತ್ತೇನೆ.

ತಮ್ಮ


ಏಪ್ರಿಲ್ 9

ತಮ್ಮನಿಗೆ,

ಐದು ಜಾಡಿ ಕಳಿಸಿದ್ದೇನೆ. ತೊಳೆಯಲಿಲ್ಲ. ಮೂವತ್ತು ವರ್ಷ ತೊಳೆದು ಬದುಕಿದ ಕೈಗೆ ಅದೆಷ್ಟು ಕಷ್ಟ ಎಂದು ನಿನಗೆ ತಿಳಿಯದು.

ಮಡಿಯ ಮಣ್ಣು ತರಲು ಹೋದಾಗ ಅತ್ತಿಗೆ ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದರು. ಇದು ಯಾಕೆ ಎಂದು ಕೇಳಿದರು. ಸುಮ್ಮನೆ, ನೋಡೋಕೆ ಅಂದೆ. ನೀನು ಹೇಳಬೇಡ ಎಂದಿದ್ದೆಯಲ್ಲ. ಅವರು ಸರಿದು ಜಾಗ ಬಿಟ್ಟರು. ಅಷ್ಟೆ.

ಬೈಯುವ ಸ್ಥಿತಿಯಲ್ಲಿ ಇಲ್ಲ ಎಂದರೆ ಏನು? ಕೆಲಸಕ್ಕೆ ಏನಾದರೂ ತೊಂದರೆಯಾಯಿತೇ? ಮೈ ಹುಷಾರಿದೆಯೇ?

ಅಕ್ಕ


ಮೇ 6

ಅಕ್ಕನಿಗೆ,

ಹೊಂಡದ ನೀರು ಶುದ್ಧ. ಬಾವಿಯ ನೀರು ಶುದ್ಧ. ಮನೆಯ ಮುಂದಿನ ಮಣ್ಣು ಶುದ್ಧ. ಹೊಂಡದ ಹೂಳಿನಲ್ಲಿ ನಾವು ಇಲ್ಲಿ ಯಾವ ನದಿಯ ತಳದಲ್ಲೂ ಕಾಣದಷ್ಟು ಸಾಫ್ಟ್ನರ್ ಇದೆ. ಅತ್ತಿಗೆಯ ಮಡಿಯಲ್ಲಿ ಅದರ ಮೂರನೇ ಒಂದು ಪಾಲು.

ಅದರಿಂದ ಏನಾಗುತ್ತದೆ ಎಂದು ನೀನು ಕೇಳುತ್ತೀಯ. ಮಣ್ಣಿಗೆ ಅಂಟಿದ್ದು ಅಂಟಿಯೇ ಇದ್ದರೆ ಬೇರಿಗೆ, ಎರೆಹುಳಕ್ಕೆ ಸಿಗುವುದು ಬಹಳ ಕಡಿಮೆ. ಆದರೆ ಅಗೆದು ಗಾಳಿ ಆಡಿಸಿದಾಗ, ಗೊಬ್ಬರದ ಉಪ್ಪು ಸೇರಿದಾಗ ಸ್ವಲ್ಪ ಬಿಟ್ಟುಕೊಡಬಹುದು. ಬಿಡದೆಯೂ ಇರಬಹುದು. ಗಾಳಿ ಆಡಿದರೆ ಬೇಗ ಕೊಳೆತು ಹೋಗಲೂಬಹುದು. ಮೇಡಂ ಒಂದು ಹೇಳುತ್ತಾರೆ, ಪಕ್ಕದ ಮೇಜಿನವನು ಇನ್ನೊಂದು. ಸಸಿಮಡಿಯಲ್ಲಿ ಇದನ್ನು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಇನ್ನು ನನ್ನ ವಿಷಯ. ಲಾಂಡ್ರಿಗೆ ಆ ಸಾಫ್ಟ್ನರ್ ಆರಿಸಿ ಕೊಟ್ಟವನು ನಾನು. ನಿನಗೆ ನೆನಪಿದೆಯೋ ಇಲ್ಲವೋ. ಆಗ ಓದುತ್ತಿದ್ದೆ. ನೀರಿನ ಆಫೀಸಿನವರ ಕಾಟ ಎಂದು ನೀನು ಹೇಳಿದಾಗ, ಹೊಸ ಬಗೆಯದು ಬೇಡ, ಇದನ್ನೇ ಹಾಕು, ಇದು ನೀರಿಗೆ ಬರುವುದೇ ಇಲ್ಲ ಎಂದೆ. ನೀರಿಗೆ ಬರದಿದ್ದರೆ ಎಲ್ಲಿಗೆ ಹೋಗುತ್ತದೆ ಎಂದು ಆಗಲೂ ನನಗೆ ಗೊತ್ತಿತ್ತು. ಪುಸ್ತಕದ ಮುಂದಿನ ಪುಟದಲ್ಲೇ ಇತ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹಳೆಯದನ್ನೇ ಹಾಕುತ್ತೀಯಾ ಎಂದು ಫೆಬ್ರವರಿಯಲ್ಲಿ ಕೇಳಿದ್ದು, ಇಲ್ಲ ಅನ್ನಲಿ ಎಂಬ ಆಸೆಯಿಂದ.

ಮಡಿಯ ಹೂಳನ್ನು ತೆಗೆಸಿಬಿಡು. ಅದೇ ಕ್ಷೇಮ.

ತಮ್ಮ


ಮೇ 15

ತಮ್ಮನಿಗೆ,

ನೆನಪಿದೆ. ನೆನಪಿಲ್ಲದೆ ಏನು? ತಮ್ಮ ಓದಿಕೊಂಡವನು, ಅವನು ಆರಿಸಿದ್ದು ಎಂದು ಗಿರಾಕಿಗಳಿಗೆ ಹನ್ನೆರಡು ವರ್ಷ ಹೇಳಿಕೊಂಡು ಮೆರೆದಿದ್ದೇನೆ. ಮುಂದಿನ ಪುಟ ಇತ್ತು ಎಂದು ಮಾತ್ರ ಗೊತ್ತಿರಲಿಲ್ಲ. ಇದಕ್ಕೆ ಕೋಪ ಮಾಡಿಕೊಳ್ಳೋಣ ಎಂದು ಮೂರು ದಿನ ಪ್ರಯತ್ನಪಟ್ಟೆ. ಕೋಪ ಎದ್ದಾಗಲೆಲ್ಲ ಹತ್ತು ಗಾಡಿ ಎದುರಿಗೆ ಬಂದು ನಿಲ್ಲುತ್ತದೆ. ಸಾಫ್ಟ್ನರ್ ನಿಲ್ಲಿಸಿದ್ದೇನೆ. ಟವಲು ಗೋಣಿಚೀಲದ ಹಾಗಿದೆ ಎಂದು ಹೋಟೆಲಿನವನು ವಾಪಸ್ ಕಳಿಸಿದ.

ನಿನ್ನೆ ಡ್ರಮ್ಮಿನ ಮಾಮ, ಇಸ್ತ್ರಿಯವಳು, ಇನ್ನಿಬ್ಬರನ್ನು ಕರೆದುಕೊಂಡು ಸಲಿಕೆ ಹಿಡಿದು ನರ್ಸರಿಗೆ ಹೋದೆ. ಬಾವಿ ಚೆನ್ನಾಗಿದೆ ಅತ್ತಿಗೆ, ಕುಡಿಯಬಹುದು, ಜಾಡಿಯಲ್ಲಿ ತಪ್ಪಾಗಿತ್ತು ಎಂದೆ. ಮಡಿಯ ಮಣ್ಣು ಮಾತ್ರ ಸರಿಯಿಲ್ಲವಂತೆ, ತೆಗೆದುಬಿಡುತ್ತೇವೆ, ನಿಮಗೇನೂ ಖರ್ಚಿಲ್ಲ ಎಂದೆ. ಒಳ್ಳೆಯ ಸುದ್ದಿ ಮೊದಲು, ಕೆಟ್ಟದ್ದು ಆಮೇಲೆ, ಎಷ್ಟು ಚೆನ್ನಾಗಿ ಜೋಡಿಸಿದ್ದೆ ಗೊತ್ತೇ?

ಅತ್ತಿಗೆ ಮಡಿಗೂ ನಮಗೂ ನಡುವೆ ಬಂದು ನಿಂತರು. ಜೋರಾಗಿಯೇನೂ ಹೇಳಲಿಲ್ಲ.

"ಮಣ್ಣು ಕೊಟ್ಟವಳೂ ನೀನೇ, ಬಾವಿ ಕೆಟ್ಟಿದೆ ಅಂದವಳೂ ನೀನೇ, ಈಗ ಕೆಟ್ಟಿಲ್ಲ ಅಂತೀಯ, ಮಣ್ಣು ಕೆಟ್ಟಿದೆ ಅಂತೀಯ. ಅವನು ನಿನಗೆ ಬರೀತಾನೆ, ನೀನು ಅವನಿಗೆ ಬರೀತೀಯ. ನಾಲ್ಕು ತಿಂಗಳಿಂದ ನನ್ನ ಬಾವಿ, ನನ್ನ ಮಡಿ, ನನ್ನ ಸಸಿ ಅಂತ ಅಷ್ಟು ಕಾಗದ ಓಡಾಡಿದೆ. ನನಗೂ ಒಂದು ವಿಳಾಸ ಇದೆಯಲ್ಲಮ್ಮ."

ಸಲಿಕೆ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸ್ ಬಂದೆವು. ಇಸ್ತ್ರಿಯವಳು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ ಎಂದರೆ ನೀನೇ ಅರ್ಥ ಮಾಡಿಕೋ.

ಅವರಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಾನು ಇನ್ನು ನಡುವೆ ಬರುವುದಿಲ್ಲ. ನೀನೇ ಬರೆ.

ಅಕ್ಕ


ಮೇ 24

ಅತ್ತಿಗೆಯವರಿಗೆ,

ಇದು ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ. ಅಣ್ಣ ಇದ್ದಾಗ ಅಣ್ಣನಿಗೆ ಬರೆದು ಕೊನೆಯಲ್ಲಿ "ಅತ್ತಿಗೆಗೂ ಹೇಳು" ಎನ್ನುತ್ತಿದ್ದೆ. ಆಮೇಲೆ ಅಕ್ಕನಿಗೆ ಬರೆದು ಅದನ್ನೇ ಮಾಡಿದೆ.

ನಿಮ್ಮ ಬಾವಿಯ ನೀರು ಚೆನ್ನಾಗಿದೆ. ಇದು ಖಂಡಿತ. ಮಾರ್ಚಿನಲ್ಲಿ ಕೆಟ್ಟಿದೆ ಎಂದು ಹೇಳಿಸಿದ್ದು ನನ್ನ ತಪ್ಪು, ಅಕ್ಕನದಲ್ಲ. ಜಾಡಿಯನ್ನು ಯಾವುದರಲ್ಲಿ ತೊಳೆದದ್ದು ಎಂದು ಕೇಳದೆ ಅಳೆದೆ. ನಿಮ್ಮ ಮಡಿಯ ಹೂಳಿನಲ್ಲಿ ಲಾಂಡ್ರಿಯ ಸಾಫ್ಟ್ನರ್ ಬಹಳ ಇದೆ. ಇದೂ ಖಂಡಿತ. ಅದನ್ನು ಲಾಂಡ್ರಿಗೆ ಹಾಕಿಸಿದವನು ನಾನು, ಅದು ಹೂಳಿಗೆ ಹೋಗಿ ಕೂರುತ್ತದೆ ಎಂದು ಗೊತ್ತಿದ್ದೂ ಹಾಕಿಸಿದೆ.

ಅದು ನಿಮ್ಮ ಸಸಿಗಳಿಗೆ, ಮಣ್ಣಿಗೆ, ನಿಮಗೆ ಏನಾದರೂ ಮಾಡುತ್ತದೆಯೇ ಎಂದರೆ ನನಗೆ ಗೊತ್ತಿಲ್ಲ. ಏನೂ ಮಾಡದೆಯೂ ಇರಬಹುದು. ಈ ವಾಕ್ಯವನ್ನು ಬರೆಯುವುದು ತಪ್ಪಿಸಲು ತೆಗೆಸಿಬಿಡು ಎಂದು ಅಕ್ಕನಿಗೆ ಬರೆದೆ. ತೆಗೆಸುವುದು ನನಗೆ ಕ್ಷೇಮವಾಗಿ ಕಂಡಿತು. ನಿಮ್ಮ ಐದು ತಿಂಗಳ ದುಡಿಮೆ ಅದರಲ್ಲಿದೆ ಎಂದು ಯೋಚಿಸಲಿಲ್ಲ.

ಆದ್ದರಿಂದ ಈಗ ಕೇಳುತ್ತಿದ್ದೇನೆ. ನೀವು ಏನು ಮಾಡಬೇಕೆಂದಿದ್ದೀರಿ? ಏನೇ ಆದರೂ ಬಂದು ಕೆಲಸಕ್ಕೆ ಕೈ ಹಾಕುತ್ತೇನೆ.

ನಿಮ್ಮ ಮೈದುನ


ಜೂನ್ 2

ಮೈದುನನಿಗೆ ಆಶೀರ್ವಾದ.

ಕಾಗದ ತಲುಪಿತು. ನನಗೆ ಬರೆದು ಅಭ್ಯಾಸವಿಲ್ಲ, ಚಿಕ್ಕದಾಗಿ ಬರೆಯುತ್ತೇನೆ.

ನಿನಗೆ ಗೊತ್ತಿಲ್ಲ ಎಂದೆ. ನನಗೂ ಗೊತ್ತಿಲ್ಲ. ಸಸಿಗಳು ಚೆನ್ನಾಗಿವೆ, ಎರೆಹುಳ ಮಾತ್ರ ಮೊದಲಿನಷ್ಟು ಕಾಣುತ್ತಿಲ್ಲ. ಮಳೆ ತಡವಾದದ್ದಕ್ಕೋ ಏನೋ. ಹಾಗಾಗಿ ಅದನ್ನು ಯಾವುದಕ್ಕೂ ಸಾಕ್ಷಿ ಎನ್ನಲಾರೆ.

ಮಡಿ ನನ್ನ ಕಣ್ಣೆದುರಿಗೆ ಇದೆ. ಇದ್ದರೆ ಇರಲಿ, ದಿನಾ ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಆದರೆ ನೀವು ಅಕ್ಕ ತಮ್ಮ ಇಬ್ಬರೂ ಒಂದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಾನು ಸಸಿಯನ್ನು ಬರಿಬೇರಿನಲ್ಲಿ ಮಾರುವುದಿಲ್ಲ, ಬೇರು ನೊಂದರೆ ಸಸಿ ಉಳಿಯದು. ಬೇರಿಗೆ ಕಚ್ಚಿಕೊಂಡ ಮಣ್ಣನ್ನು ಕದಲಿಸದೆ ಎತ್ತಿ, ಒಂದು ಮುಷ್ಟಿ ಮಣ್ಣಿನ ಸಮೇತ ಕೊಡುತ್ತೇನೆ. ಬಾವಿಯ ಸುದ್ದಿ ಹಬ್ಬುವುದಕ್ಕೆ ಮೊದಲು ಈ ಮಡಿಯಿಂದ ಇಪ್ಪತ್ತೆರಡು ಮನೆಗೆ ಸಸಿ ಹೋಗಿದೆ. ಕೆಲವರು ಮಕ್ಕಳು ಆಡುವ ಅಂಗಳದಲ್ಲಿ ನೆಟ್ಟಿದ್ದಾರೆ. ಮಣ್ಣು ಚೆನ್ನಾಗಿದೆ ಎಂದು ಹೊಗಳಿ ಕೊಟ್ಟವಳು ನಾನೇ.

ಮಡಿಯ ಹೂಳನ್ನು ತೆಗೆಯುವುದೋ ಬಿಡುವುದೋ ಆಮೇಲೆ ನೋಡೋಣ. ಅಲ್ಲಿಯವರೆಗೆ ಅದರಿಂದ ಒಂದು ಸಸಿಯನ್ನೂ ಮಾರುವುದಿಲ್ಲ. ಆ ಇಪ್ಪತ್ತೆರಡು ಮನೆ ನನಗೆ ಗೊತ್ತು. ಸೋಮವಾರದಿಂದ ಒಂದೊಂದಾಗಿ ಹೋಗಿ ಹೇಳಬೇಕು. ನಿನ್ನ ಅಕ್ಕ "ನಾನೂ ಬರುತ್ತೇನೆ" ಎಂದು ಗೇಟಿನಲ್ಲಿ ನಿಂತಿದ್ದಾಳೆ. ಬರಲಿ, ಆದರೆ ಅವಳು ಮಾತಾಡುವ ಹಾಗಿಲ್ಲ.

ನೀನು ಬರುವುದಾದರೆ ಭಾನುವಾರವೇ ಬಾ. ಬಾಗಿಲು ತಟ್ಟುವುದು ನಾನು. ಏನು ಕೊಟ್ಟೆ ಎಂದು ಹೇಳುವುದೂ ನಾನೇ. ಇದರಿಂದ ಏನಾಗುತ್ತದೆ ಎಂದು ಅವರು ಕೇಳಿದಾಗ, ನನಗೆ ಬರೆದೆಯಲ್ಲ, ಆ ಮಾತನ್ನು ಅವರ ಮುಖ ನೋಡಿಕೊಂಡು ನೀನು ಹೇಳಬೇಕು. ಇಪ್ಪತ್ತೆರಡು ಸಲ.

ಅತ್ತಿಗೆ